ಬೆಲೆ ಊಹಿಸುವ ಆಟದ ಲೆಕ್ಕಾಚಾರ

ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಹಗಲು ಹೊತ್ತು ಪ್ರಸಾರವಾಗುವ ‘ದಿ ಪ್ರೈಸ್ ಈಸ್ ರೈಟ್’ ಕಾರ್ಯಕ್ರಮವನ್ನು ಇಲ್ಲಿ ನೆಲೆಸಿರುವ ನಮ್ಮವರಲ್ಲಿ ಅನೇಕರು ಒಮ್ಮೆಯಾದರೂ ನೋಡಿರುತ್ತಾರೆ. ಕಿರುಚಾಟ, ಕುಣಿತಗಳ ನಡುವೆ ಅದರೊಳಗಿನ ಗಣಿತ ಕಣ್ಣಿಗೆ ಬೀಳುವುದಿಲ್ಲ. 1956ರಲ್ಲಿ ಎನ್‌ಬಿಸಿ ವಾಹಿನಿಯಲ್ಲಿ ಬಿಲ್ ಕಲೆನ್ ಅವರ ನಿರೂಪಣೆಯಲ್ಲಿ ಆರಂಭವಾದಾಗ ಇದು ಹೆಚ್ಚುಕಡಿಮೆ ಹರಾಜೇ ಆಗಿತ್ತು. ಈಗಿನ ರೂಪ 1972ರದು. ಬಾಬ್ ಬಾರ್ಕರ್ 35 ವರ್ಷ ನಡೆಸಿಕೊಟ್ಟ ಮೇಲೆ, 2007ರಿಂದ ಡ್ರೂ ಕ್ಯಾರಿ ನಿರೂಪಕರು.

ಪ್ರೇಕ್ಷಕರ ನಡುವಿನಿಂದ ಕರೆಯಲ್ಪಟ್ಟ ನಾಲ್ವರು ವೇದಿಕೆಯ ಮುಂದೆ ಸಾಲಾಗಿ ನಿಂತು, ತೋರಿಸಿದ ವಸ್ತುವಿನ ಬೆಲೆಯನ್ನು ಒಬ್ಬರಾದ ಮೇಲೊಬ್ಬರು ಕೂಗುತ್ತಾರೆ. ನಿಜ ಬೆಲೆಯನ್ನು ಮೀರದೆ ಅದಕ್ಕೆ ಅತಿ ಹತ್ತಿರವಿದ್ದವರು ವೇದಿಕೆ ಏರುತ್ತಾರೆ. ನಾಲ್ವರೂ ಮೀರಿದರೆ ಮತ್ತೆ ಕೂಗಬೇಕು. ‘ಮೀರದೆ’ ಎಂಬ ಈ ಒಂದು ಷರತ್ತೇ ಆಟದ ಜೀವಾಳ.

ಉದಾಹರಣೆಗೆ, ಮೊದಲ ಮೂವರು 700, 950, 800 ಡಾಲರ್ ಕೂಗಿದ್ದಾರೆ ಎನ್ನೋಣ. ನಾಲ್ಕನೆಯವರು 900 ಎಂದರೆ 900ರಿಂದ 949ರವರೆಗಿನ ಬೆಲೆಗಳು ಮಾತ್ರ ಅವರ ಪಾಲಿಗೆ ಬರುತ್ತವೆ. 801 ಎಂದರೆ 801ರಿಂದ 949ರವರೆಗೆ ಎಲ್ಲವೂ ಅವರದೇ. 951 ಎಂದರೆ ಅದಕ್ಕೂ ಮೇಲಿನದೆಲ್ಲ. 1 ಡಾಲರ್ ಎಂದರೆ 699ರವರೆಗಿನದೆಲ್ಲ. ಹೀಗಾಗಿ ಕೊನೆಯವರಿಗೆ ಅರ್ಥಪೂರ್ಣ ಆಯ್ಕೆಗಳಿರುವುದು ನಾಲ್ಕೇ: ಮೂವರಲ್ಲಿ ಒಬ್ಬರಿಗಿಂತ ಒಂದು ಡಾಲರ್ ಹೆಚ್ಚು, ಇಲ್ಲವೇ ಬರೀ ಒಂದು ಡಾಲರ್. ಪಕ್ಕದವರ ಕುತ್ತಿಗೆಗೆ ಕೈಹಾಕಿದಂತೆ ಕಾಣುವ ಈ ಕ್ರಮವನ್ನು ಸಭಿಕರು ಕೆಲವೊಮ್ಮೆ ಹಳಿಯುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಅಧರ್ಮವಲ್ಲ, ಕೇವಲ ಸ್ಥಾನಬಲ. ಆದರೂ ಸ್ಪರ್ಧಿಗಳು ಅನೇಕ ಸಲ ಈ ಅನುಕೂಲವನ್ನು ಕೈಬಿಡುತ್ತಾರೆಂದು 1996ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ವೇದಿಕೆಯ ಮೇಲಿನ ಆಟಗಳು ಹಲವು ಬಗೆ. 1983ರಲ್ಲಿ ಬಂದ ‘ಪ್ಲಿಂಕೊ’ದಲ್ಲಿ ಬೆಲೆಜ್ಞಾನಕ್ಕೆ ಸಿಗುವುದು ಹೆಚ್ಚೆಂದರೆ ನಾಲ್ಕು ಬಿಲ್ಲೆ, ಒಂದು ಉಚಿತ. ಮೊಳೆಗಳಿಗೆ ಬಡಿಯುತ್ತ ಅವು ಯಾವ ಕಂಡಿಗೆ ಬೀಳುತ್ತವೆಂಬುದು ಅದೃಷ್ಟ. ದೊಡ್ಡ ಮೊತ್ತದ ನಡುಗಂಡಿಯ ಎರಡು ಪಕ್ಕಗಳಲ್ಲೂ ಸೊನ್ನೆ! ಚಕ್ರ ತಿರುಗಿಸುವ ಸುತ್ತಿನಲ್ಲಿ 5 ಸೆಂಟಿನಿಂದ 1 ಡಾಲರ್‌ವರೆಗೆ ಇಪ್ಪತ್ತು ಮನೆಗಳು. ಒಂದು ಅಥವಾ ಎರಡು ತಿರುವಿನಲ್ಲಿ ಡಾಲರನ್ನು ಮೀರದೆ ಅದರ ಸಮೀಪ ನಿಲ್ಲಬೇಕು. ಮೂವರಲ್ಲಿ ಮೊದಲಿಗರು 65 ಸೆಂಟ್ ಬಂದರೂ ಮತ್ತೆ ತಿರುಗಿಸುವುದೇ ಲೇಸೆಂದು ಸಂಭವನೀಯತೆಯ ಲೆಕ್ಕ ಹೇಳುತ್ತದೆ.

ಆದರೆ ‘ನಿಜ ಬೆಲೆ’ ಎಂದರೆ ಯಾವುದು? ಭಾರತದಲ್ಲಿ ಪೊಟ್ಟಣದ ಮೇಲೆಯೇ ಗರಿಷ್ಠ ಮಾರಾಟ ಬೆಲೆ ಅಚ್ಚಾಗಿರುತ್ತದೆ. ಸಂತೆಯಲ್ಲಾದರೆ ಚೌಕಾಸಿ ಮುಗಿದ ಮೇಲೆ ಉಳಿದದ್ದೇ ಬೆಲೆ. ಅಮೆರಿಕದಲ್ಲಿ ಇವೆರಡೂ ಇಲ್ಲ. ಒಂದೇ ಸಾಬೂನು ಎರಡು ಅಂಗಡಿಗಳಲ್ಲಿ ಎರಡು ದರ. ಆದ್ದರಿಂದ ಇಲ್ಲಿ ಊಹಿಸಬೇಕಾದದ್ದು ಕಾರ್ಯಕ್ರಮದವರು ಗೊತ್ತುಮಾಡಿಕೊಂಡ ಚಿಲ್ಲರೆ ದರವನ್ನು. ಹೊರಗಿನಿಂದ ಬಂದ ನಮ್ಮಂಥವರಿಗೆ ಈ ಆಟ ಕಠಿಣವಾಗುವುದು ಇಲ್ಲಿಯೇ. ಡಾಲರನ್ನು ರೂಪಾಯಿಗೆ ಗುಣಿಸುವ ಚಾಳಿ ಬಿಟ್ಟ ಮೇಲೂ, ಒಂದು ದೋಣಿಗೋ ಬಿಲಿಯರ್ಡ್ಸ್ ಮೇಜಿಗೋ ಎಷ್ಟಿರಬಹುದೆಂಬ ಅಂದಾಜು ನನ್ನಲ್ಲಿ ಹುಟ್ಟಿಲ್ಲ. ಅದು ಬಾಲ್ಯದಿಂದ ಜಾಹೀರಾತು ನೋಡುತ್ತ ಬೆಳೆದವರ ಆಸ್ತಿ.

ಕಲಿತು ಗೆದ್ದವರೂ ಇದ್ದಾರೆ. ಕೊನೆಯ ಸುತ್ತಿನಲ್ಲಿ ಬಹುಮಾನಗಳ ಒಂದು ಗುಂಪಿಗೆ ಒಟ್ಟು ಬೆಲೆ ಹೇಳಬೇಕು. 2008ರಲ್ಲಿ ಒಬ್ಬರು ಹೇಳಿದ 23,743 ಡಾಲರ್, ಒಂದು ಡಾಲರೂ ವ್ಯತ್ಯಾಸವಿಲ್ಲದೆ ಸರಿಹೊಂದಿತು. ಅವರು ಮೊದಲೇ ಕಾರ್ಯಕ್ರಮವನ್ನು ತಿಂಗಳುಗಟ್ಟಲೆ ಗಮನಿಸಿ, ಮರಳಿ ಬರುವ ವಸ್ತುಗಳ ದರ ಬಾಯಿಪಾಠ ಮಾಡಿದ್ದರು. ಗೆದ್ದ ವಸ್ತುಗಳ ಮೌಲ್ಯ ಆದಾಯವೆಂದೇ ಪರಿಗಣಿತವಾಗುತ್ತದೆ. ಕಾರು ಗೆದ್ದವರು ಅದರ ಮೇಲಿನ ತೆರಿಗೆಯನ್ನು ಕೈಯಿಂದ ಕಟ್ಟಬೇಕು.