ಕಾರ್ಖಾನೆ ಯಂತ್ರಗಳ ಮುಕ್ತ ಸಂವಹನ: ಮಾಡ್‌ಬಸ್‌ನಿಂದ ಓಪಿಸಿ ಯುಎವರೆಗೆ

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತೊರವಿ, ತಿಕೋಟಾ ದಾಟಿದರೆ ದ್ರಾಕ್ಷಿ ತೋಟಗಳು. ಬಬಲೇಶ್ವರದ ಕಡೆ ಹೊರಳಿದರೆ ಕಬ್ಬು. ಬಬಲೇಶ್ವರ ಭಾಗದ ಕೃಷ್ಣಾನಗರದಲ್ಲಿ ನಂದಿ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ. ಹಾಗಾಗಿ ಯಂತ್ರಗಳ ನಡುವಿನ ಮುಕ್ತ ಸಂವಹನ, ಅಂದರೆ ಯಾವ ಕಂಪನಿಯ ಯಂತ್ರವಾದರೂ ಇನ್ನೊಂದರ ಜೊತೆ ಮಾತಾಡುವುದು, ಎಂಬ ವಿಷಯ ಈ ಸೀಮೆಯವರಿಗೆ ದೂರದ್ದಲ್ಲ. ಯಾವ ಸಕ್ಕರೆ ಕಾರ್ಖಾನೆಯನ್ನೇ ನೋಡಿ, ಕಬ್ಬು ನುರಿಸುವ ಮಿಲ್ಲು, ಬಾಯ್ಲರ್, ಟರ್ಬೈನ್, ಸೆಂಟ್ರಿಫ್ಯೂಗಲ್ ಸಾಮಾನ್ಯವಾಗಿ ಬೇರೆ ಬೇರೆ ಕಂಪನಿಯವು, ಬೇರೆ ಬೇರೆ ಕಾಲದವು. ಆದರೂ ಬಾಯ್ಲರಿನ ಹಬೆಯ ಒತ್ತಡ ಇಳಿದರೆ ಟರ್ಬೈನಿಗೆ ತಕ್ಷಣ ತಿಳಿಯಲೇಬೇಕು.

ಇದಕ್ಕೆ ಹಿಂದಿನಿಂದ ಇದ್ದದ್ದು 4ರಿಂದ 20 ಮಿಲಿಆಂಪಿಯರ್ ವಿದ್ಯುತ್ ಸಂಕೇತ. ಒಂದು ಜೋಡಿ ತಂತಿಗೆ ಒಂದೇ ಅಳತೆ. ಕನಿಷ್ಠ ಮಟ್ಟವನ್ನು 4ಕ್ಕೆ ಇಟ್ಟದ್ದು ಜಾಣತನ: ಸೊನ್ನೆ ಬಂತೆಂದರೆ ತಂತಿ ಕಡಿದಿದೆ. ಯಾರ ಮೀಟರನ್ನು ಯಾರ ಪ್ಯಾನೆಲ್ಲಿಗೂ ಜೋಡಿಸಬಹುದಾಗಿತ್ತು. ಇಂದಿಗೂ ಅದು ಬಳಕೆಯಲ್ಲಿದೆ.

1979ರಲ್ಲಿ ಅಮೆರಿಕದ ಮೋಡಿಕಾನ್ ಕಂಪನಿ ಯಂತ್ರಗಳನ್ನು ನಿಯಂತ್ರಿಸುವ ತನ್ನ ಪುಟ್ಟ ಕಂಪ್ಯೂಟರುಗಳಾದ ಪಿಎಲ್‌ಸಿಗಳಿಗಾಗಿ ಮಾಡ್‌ಬಸ್ ಎಂಬ ಸಂವಹನ ನಿಯಮಾವಳಿ ರೂಪಿಸಿತು. ನಿಯಮಗಳು ಬಹಿರಂಗ, ಬಳಸಲು ಶುಲ್ಕವಿಲ್ಲ. ಹಾಗಾಗಿ ಎಲ್ಲೆಡೆ ಹಬ್ಬಿತು. ಆದರೆ ಮಾಡ್‌ಬಸ್ ಕೊಡುವುದು ಬರೀ ಸಂಖ್ಯೆ. ಸಂಖ್ಯೆ ಇಡುವ ಜಾಗವಾದ ಒಂದು ರಿಜಿಸ್ಟರಿನಲ್ಲಿ 430 ಎಂದಿದ್ದರೆ ಅದು ಉಷ್ಣಾಂಶವೋ ಒತ್ತಡವೋ ಯಂತ್ರ ಹೇಳುವುದಿಲ್ಲ. ಅದನ್ನು ಹೇಳುವ ರಿಜಿಸ್ಟರ್ ಪಟ್ಟಿ ಕಂಪನಿಯ ಬಳಿ ಇರುತ್ತದೆ. ಪಟ್ಟಿ ಕೈಯಲ್ಲಿಲ್ಲದಿದ್ದರೆ ಹಂಗಾಮಿನ ನಡುವೆ ದೂರದ ಊರಿನ ಎಂಜಿನಿಯರನಿಗಾಗಿ ಕಾಯಬೇಕು. ಮುಕ್ತ ಮಾನಕವಿದ್ದೂ ಕಾರ್ಖಾನೆ ಕಟ್ಟುಬೀಳುವುದು ಇಲ್ಲೇ.

1980ರ ದಶಕದಲ್ಲಿ ಜನರಲ್ ಮೋಟಾರ್ಸ್ ಮುಂದಿಟ್ಟ ಮ್ಯಾಪ್ ಎಂಬ ಸಂವಹನ ಮಾನಕ ದುಬಾರಿಯೂ ತೊಡಕೂ ಆಗಿ ನಿಲ್ಲಲಿಲ್ಲ. 1987ರಲ್ಲಿ ಜರ್ಮನಿಯಲ್ಲಿ ಪ್ರೊಫಿಬಸ್ ಎಂಬ ಇನ್ನೊಂದು ಮಾನಕದ ಕೆಲಸ ಶುರುವಾಯಿತು, ಪ್ರತಿಸ್ಪರ್ಧಿಗಳೂ ಹುಟ್ಟಿಕೊಂಡವು. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ (ಐಇಸಿ) ವರ್ಷಗಟ್ಟಲೆ ಜಗ್ಗಾಡಿ, 2000ದ ಹೊತ್ತಿಗೆ ಐಇಸಿ 61158 ಎಂಬ ದಾಖಲೆಯಲ್ಲಿ ಇಂಥ ಎಂಟು ಬಗೆಗಳನ್ನೂ ಒಟ್ಟಿಗೆ ಸೇರಿಸಿತು. ಅದು ರಾಜಿ, ಮಾನಕ ಎನ್ನಲು ನನಗೆ ಮನಸ್ಸು ಬಾರದು. ಈಥರ್ನೆಟ್ ಬಂದ ಮೇಲೂ ಪ್ರೊಫಿನೆಟ್, ಈಥರ್‌ಕ್ಯಾಟ್ ಎಂದು ಅದೇ ಜಗಳ ಮುಂದುವರಿಯಿತು.

1996ರಲ್ಲಿ ಬಂದ ಓಪಿಸಿ ಎಂಬ ಮಾನಕ ವಿಂಡೋಸ್‌ಗೆ ಅಂಟಿಕೊಂಡಿತ್ತು. 2008ರ ಹೊತ್ತಿಗೆ ಬಂದ ಓಪಿಸಿ ಯುಎ ಆ ನಂಟು ಕಡಿದುಕೊಂಡು, ಸಂಖ್ಯೆಯ ಜೊತೆಗೆ ಹೆಸರು, ಮಾನ, ಅರ್ಥವನ್ನೂ ಕಳಿಸುವ ದಾರಿ ಮಾಡಿತು. ಮಾಡ್‌ಬಸ್‌ನ ನಿಜವಾದ ಕೊರತೆಗೆ ಇದೇ ಸರಿಯಾದ ಉತ್ತರ.

ಆದರೆ ತಂತ್ರಜ್ಞಾನವಷ್ಟೇ ಸಾಲದು ಎಂಬುದಕ್ಕೆ ನಮ್ಮ ವಿದ್ಯುತ್ ಮೀಟರುಗಳೇ ಸಾಕ್ಷಿ. ಒಂದು ಕಾಲಕ್ಕೆ ಪ್ರತಿ ಕಂಪನಿಯ ಮೀಟರ್ ಓದಲು ಅದರದೇ ತಂತ್ರಾಂಶ ಬೇಕಿತ್ತು. 2011ರಲ್ಲಿ ಮೀಟರ್ ಓದುವಿಕೆಗೆ ಐಎಸ್ 15959 ಎಂಬ ಭಾರತೀಯ ಮಾನಕ ಬಂತು. ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಅದಕ್ಕೆ ತಕ್ಕಂತೆ ಮೀಟರುಗಳನ್ನು ಪರೀಕ್ಷಿಸುತ್ತದೆ. ಕೊಳ್ಳುವವರು ಟೆಂಡರಿನಲ್ಲೇ ಕೇಳಿದ್ದರಿಂದ ಮಾರುವವರು ಒಪ್ಪಿದರು.

ಸಕ್ಕರೆ ಕಾರ್ಖಾನೆಗಳ ಆಡಳಿತ ಮಂಡಳಿಗಳೂ ಹಾಗೆಯೇ ಕೇಳಲಿ. ಹೊಸ ಯಂತ್ರದ ಕರಾರಿನಲ್ಲಿ ಓಪಿಸಿ ಯುಎ ಸೌಲಭ್ಯ, ಪೂರ್ತಿ ರಿಜಿಸ್ಟರ್ ಪಟ್ಟಿ, ಪಿಎಲ್‌ಸಿ ಪ್ರೋಗ್ರಾಮಿನ ಪ್ರತಿ, ಪಾಸ್‌ವರ್ಡ್ ಈ ನಾಲ್ಕನ್ನೂ ಬರೆಸಿಕೊಂಡ ಮೇಲೆಯೇ ಕೊನೆಯ ಕಂತಿನ ಹಣ ಕೊಡಲಿ.