ಐಹೊಳೆಯ ಗುಡ್ಡದಿಂದ ಆಸ್ಪತ್ರೆಯವರೆಗೆ: ಬೌದ್ಧ ಎಚ್ಚರ ನಡೆದು ಬಂದ ದಾರಿ

ಬಾಗಲಕೋಟೆ ಜಿಲ್ಲೆಯ ಕೆರೂರಿನ ಕಡೆ ಕಷ್ಟದಲ್ಲಿರುವವರಿಗೆ ಹೇಳುವ ಮಾತೊಂದಿದೆ: "ಚಲೋ ವಿಚಾರ ಮಾಡಪಾ, ಎಲ್ಲಾ ಸರಿ ಆಗತೈತಿ." ಸಾಲದಲ್ಲಿ ಮುಳುಗಿದ ನೇಕಾರನಿಗೂ, ಮಳೆ ಕೈಕೊಟ್ಟ ರೈತನಿಗೂ, ಪರೀಕ್ಷೆಯಲ್ಲಿ ನಪಾಸಾದ ಹುಡುಗನಿಗೂ ಇದೇ ಸಮಾಧಾನ. ಹೇಳುವವರ ಅಂತಃಕರಣ ದೊಡ್ಡದು. ಆದರೆ ಒಳ್ಳೆಯ ಯೋಚನೆ ಅಪ್ಪಣೆ ಕೊಟ್ಟರೆ ಬರುವಂಥದ್ದಲ್ಲ. ರಾತ್ರಿ ತಲೆದಿಂಬಿಗೆ ತಲೆ ಕೊಟ್ಟಾಗ ಬೇಡದ್ದೇ ಮತ್ತೆ ಮತ್ತೆ ಏಳುತ್ತದೆ. ಬೌದ್ಧ ಸಾಧನೆ ಶುರುವಾಗುವುದು ಇಲ್ಲಿಂದ. ಎದ್ದ ಯೋಚನೆಯನ್ನು ಮೊದಲು ಗುರುತಿಸಬೇಕು, ಯಾವುದನ್ನು ಬೆಳೆಸಬೇಕೆಂದು ಆಮೇಲೆ ನೋಡಬೇಕು. ಈ ಕ್ರಮ ನಮ್ಮ ನೆಲಕ್ಕೆ ಬಂದು, ಮರೆಯಾಗಿ, ಬರ್ಮಾ ಮತ್ತು ಅಮೆರಿಕ ಸುತ್ತಿ ಮರಳಿದೆ. ಬರುವ ದಾರಿಯಲ್ಲಿ ಅದರ ಅರ್ಧ ಭಾಗ ಹಲವು ಸಲ ಬಿಟ್ಟುಹೋಯಿತು ಎಂಬುದು ನನ್ನ ತಕರಾರು.

ಬುದ್ಧನ ಉಪದೇಶಗಳ ಪಾಳಿ ಸಂಗ್ರಹವಾದ ಮಜ್ಝಿಮ ನಿಕಾಯದಲ್ಲಿ 19 ಮತ್ತು 20ನೆಯ ಸುತ್ತಗಳನ್ನು (ಉಪದೇಶಗಳನ್ನು) ಒಟ್ಟಿಗೆ ಓದಬೇಕು. ದ್ವೇಧಾವಿತಕ್ಕ ಸುತ್ತದಲ್ಲಿ ಬುದ್ಧ ತನ್ನ ಸಾಧನೆಯ ದಿನಗಳನ್ನು ನೆನೆಯುತ್ತಾನೆ. ಕಾಮ, ದ್ವೇಷ, ಹಿಂಸೆಯ ಯೋಚನೆಗಳನ್ನು ಒಂದು ಕಡೆಗೂ ತ್ಯಾಗ, ಮೈತ್ರಿ, ಅಹಿಂಸೆಯವನ್ನು ಇನ್ನೊಂದು ಕಡೆಗೂ ವಿಂಗಡಿಸಿಕೊಂಡಾಗ ಅವನಿಗೆ ತಿಳಿದದ್ದು, ಯಾವುದನ್ನು ಹೆಚ್ಚು ಮೆಲುಕು ಹಾಕುತ್ತೇವೋ ಮನಸ್ಸು ಅತ್ತಲೇ ವಾಲುತ್ತದೆ ಎಂಬುದು. ಮುಂದಿನ ವಿತಕ್ಕಸಂಠಾನ ಸುತ್ತದಲ್ಲಿ ಕಾಡುವ ಯೋಚನೆಗೆ ಐದು ಉಪಾಯಗಳಿವೆ. ಅದರ ಜಾಗದಲ್ಲಿ ಒಳ್ಳೆಯದನ್ನು ತಂದುಕೊಳ್ಳುವುದು. ಅದರಿಂದಾಗುವ ಕೇಡನ್ನು ಕಾಣುವುದು. ಅದರ ಕಡೆ ಗಮನ ಕೊಡದಿರುವುದು. ಅದು ಹುಟ್ಟಿದ ಬಗೆಯನ್ನು ಹಿಂಬಾಲಿಸಿ ಅದನ್ನು ಮೆಲ್ಲಗೆ ತಣಿಸುವುದು. ಯಾವುದೂ ಆಗದಿದ್ದರೆ ಮಾತ್ರ ಹಲ್ಲುಕಚ್ಚಿ ಅದುಮುವುದು. ಇಂದಿನ ಸಕಾರಾತ್ಮಕ ಚಿಂತನೆಯ ಭಾಷಣಗಳು ಇವುಗಳಲ್ಲಿ ಮೊದಲನೆಯದನ್ನು ಹಿಡಿದುಕೊಂಡು, ಅದಕ್ಕೂ ಮುಂಚೆ ಬೇಕಾದ ಗುರುತಿಸುವ ಕೆಲಸವನ್ನು ಕೈಬಿಟ್ಟಿವೆ. ಆ ಕೆಲಸವನ್ನು ಕಲಿಸುವುದು ಸತಿಪಟ್ಠಾನ ಸುತ್ತ: ದೇಹ, ಸುಖದುಃಖದ ಅನುಭವ, ಚಿತ್ತ, ಮನಸ್ಸಿನಲ್ಲಿ ಏಳುವ ಧರ್ಮಗಳು, ಈ ನಾಲ್ಕನ್ನೂ ಇದ್ದಂತೆ ನೋಡುವ ಅಭ್ಯಾಸ, ಅಂದರೆ ಸತಿ ಅಥವಾ ಎಚ್ಚರ.

ಈ ವಿಚಾರ ಕನ್ನಡ ನೆಲಕ್ಕೆ ಹೊಸದಲ್ಲ. ಮಸ್ಕಿ ಮತ್ತು ಕೊಪ್ಪಳದಲ್ಲಿ ಅಶೋಕನ ಶಾಸನಗಳಿವೆ. ರಕ್ಖಿತನೆಂಬ ಥೇರನನ್ನು (ಹಿರಿಯ ಭಿಕ್ಷುವನ್ನು) ವನವಾಸಕ್ಕೆ ಕಳಿಸಿದರೆಂದು ಸಿಂಹಳದ ಮಹಾವಂಸ ಹೇಳುತ್ತದೆ. ಅದು ನಮ್ಮ ಬನವಾಸಿಯೆಂದು ವಿದ್ವಾಂಸರು ಗುರುತಿಸುತ್ತಾರೆ. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಮೇಗುತಿ ಗುಡ್ಡ ಹತ್ತುವಾಗ, ಕ್ರಿ.ಶ. 634ರ ರವಿಕೀರ್ತಿಯ ಶಾಸನವಿರುವ ಜಿನಾಲಯಕ್ಕಿಂತ ಕೆಳಗೆ, ಅರ್ಧ ಬಂಡೆ ಕೊರೆದು ಅರ್ಧ ಕಟ್ಟಿದ ಎರಡಂತಸ್ತಿನ ಬೌದ್ಧ ಗುಡಿ ಸಿಗುತ್ತದೆ. ಇಮ್ಮಡಿ ಪುಲಕೇಶಿಯ ನಾಡಿನಲ್ಲಿ ನೂರಕ್ಕೂ ಹೆಚ್ಚು ವಿಹಾರಗಳೂ ಸುಮಾರು 5,000 ಭಿಕ್ಷುಗಳೂ ಇದ್ದರೆಂದು ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಬರೆದಿದ್ದಾನೆ. ನನ್ನನ್ನು ಹೆಚ್ಚು ತಟ್ಟುವುದು ಗದಗ ಜಿಲ್ಲೆಯ ಡಂಬಳ. ಅಲ್ಲಿ 1095ರಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ತಾರಾದೇವಿಯ ಬೌದ್ಧ ವಿಹಾರಕ್ಕೆ ದಾನ ಸಂದಿದೆ. ಆ ವಿಹಾರವನ್ನು ಕಟ್ಟಿಸಿದವರು ಊರಿನ ಸೆಟ್ಟಿಗಳು. ಐಹೊಳೆಯ ಗುಡಿಯಾಗಿ ನಾಲ್ಕೈದು ನೂರು ವರ್ಷ ಕಳೆದ ಮೇಲೂ ಬುದ್ಧನ ದಾರಿಗೆ ಆಸರೆಯಾಗಿದ್ದವರು ವ್ಯಾಪಾರ ಮಾಡುವ ಸಂಸಾರಸ್ಥರು. ಆಮೇಲೆ ಆ ವಿಹಾರಗಳು ಬರಿದಾದವು.

ಈ ಸಾಧನೆಯ ಮರುಹುಟ್ಟು ಬರ್ಮಾದಲ್ಲಾಯಿತು. ಲೆಡಿ ಸಯಾಡೊ (1846–1923) ಧ್ಯಾನವನ್ನು ಗೃಹಸ್ಥರಿಗೆ ತೆರೆದರು. ಬರ್ಮಾ ಸರ್ಕಾರದ ಮಹಾಲೇಖಪಾಲರಾಗಿದ್ದ ಊ ಬಾ ಖಿನ್ ತಮ್ಮ ಕಚೇರಿಯ ನೌಕರರಿಗೇ ಕಲಿಸಿದರು. ಅವರ ಶಿಷ್ಯ, ವ್ಯಾಪಾರಿ ಕುಟುಂಬದ ಎಸ್. ಎನ್. ಗೋಯೆಂಕಾ, 1969ರಲ್ಲಿ ಮುಂಬಯಿಯಲ್ಲಿ ಹತ್ತು ದಿನದ ವಿಪಶ್ಯನಾ ಶಿಬಿರ ಆರಂಭಿಸಿದರು. ಈಗ ಬೆಂಗಳೂರಿನ ಹೊರಗೆ ಆಲೂರಿನಲ್ಲೂ ಅವರ ಪರಂಪರೆಯ ಕೇಂದ್ರವಿದೆ. ಕರ್ನಾಟಕದಲ್ಲಿ ನೆಲ ಹದವಾದದ್ದು 1956ರಲ್ಲಿ: ಆಚಾರ್ಯ ಬುದ್ಧರಕ್ಖಿತರು ಬೆಂಗಳೂರಿನಲ್ಲಿ ಮಹಾಬೋಧಿ ಸೊಸೈಟಿ ಕಟ್ಟಿದರು; ಅದೇ ವರ್ಷ ನಾಗಪುರದಲ್ಲಿ ಅಂಬೇಡ್ಕರರು ಬೌದ್ಧ ದೀಕ್ಷೆ ಪಡೆದರು. ಅಂಬೇಡ್ಕರರ ಧಮ್ಮದಲ್ಲಿ ಮನಸ್ಸಿನ ಶುದ್ಧಿಯೂ ಸಮಾಜದ ನ್ಯಾಯವೂ ಬೇರೆಯಲ್ಲ. ಮುಂದೆ ಧ್ಯಾನ ವೈದ್ಯರ ಕೈಗೆ ಬಂದಾಗ ಈ ಜೋಡಣೆ ಸಡಿಲಾಯಿತು.

1979ರಲ್ಲಿ ಜಾನ್ ಕಬಟ್-ಜಿನ್ ಅಮೆರಿಕದ ಮೆಸಾಚುಸೆಟ್ಸ್‌ನ ವೈದ್ಯಕೀಯ ಶಾಲೆಯಲ್ಲಿ ದೀರ್ಘಕಾಲದ ನೋವಿರುವ ರೋಗಿಗಳಿಗಾಗಿ ಧ್ಯಾನದ ತರಬೇತಿ ಹೂಡಿದರು; ಅದು ಮುಂದೆ ಎಂಟು ವಾರಗಳ ಕ್ರಮವಾಗಿ ನೆಲೆಗೊಂಡಿತು. ಮನೋವಿಜ್ಞಾನಿಗಳಾದ ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಅದನ್ನು ಖಿನ್ನತೆಗೆ ಹೊಂದಿಸಿದರು. "ನಾನು ಕೆಲಸಕ್ಕೆ ಬಾರದವನು" ಎಂಬುದು ಮನಸ್ಸಿನಲ್ಲಿ ಎದ್ದ ಒಂದು ಯೋಚನೆ, ನಿನ್ನ ಕುರಿತ ಸತ್ಯವಲ್ಲ ಎಂದು ಕಾಣಿಸುವುದು ಅದರ ತಿರುಳು. ಮೂರು ಅಥವಾ ಹೆಚ್ಚು ಸಲ ಖಿನ್ನತೆಗೆ ಬಿದ್ದವರಲ್ಲಿ ಅದು ಮರುಕಳಿಸುವುದನ್ನು ಈ ಕ್ರಮ ತಗ್ಗಿಸಿತೆಂದು 2000ದಲ್ಲಿ ವರದಿಯಾಯಿತು. 2014ರಲ್ಲಿ 47 ಪ್ರಯೋಗಗಳನ್ನು, 3,515 ಜನರನ್ನು ಒಳಗೊಂಡ ಪರಾಮರ್ಶೆಯೊಂದು ಬಂತು. ಆತಂಕ, ಖಿನ್ನತೆ, ನೋವಿನಲ್ಲಿ ಧ್ಯಾನ ತಕ್ಕಮಟ್ಟಿಗೆ ನೆರವಾಗುತ್ತದೆಂದು ಅದು ಹೇಳಿತು. ಉಲ್ಲಾಸದ ಭಾವ ಹೆಚ್ಚಿಸುತ್ತದೆ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ. ಬ್ರಿಟನ್ನಿನ 8 ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಎಂದಿನ ಪಾಠಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ನನಗಿದು ನಿರಾಶೆಯ ಸುದ್ದಿಯಲ್ಲ. ಎಚ್ಚರ ಕೊಡುವುದು ಬಿಡುಗಡೆಯ ಜಾಗವನ್ನು. ಅಲ್ಲಿ ಮೈತ್ರಿಯನ್ನೂ ಒಳ್ಳೆಯ ನಡತೆಯನ್ನೂ ಬೇರೆಯಾಗಿಯೇ ಬೆಳೆಸಬೇಕು. ಸುತ್ತಗಳು ಹೇಳುವುದೂ ಅದನ್ನೇ.

ನಮ್ಮ ಭಾಗದಲ್ಲಿ ಎಚ್ಚರ ಮತ್ತು ನಡತೆಯ ಈ ಕೂಡಿಕೆಗೆ ನೆಲವಿದೆ. ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ಚಟಗಳನ್ನೇ ಭಿಕ್ಷೆಯಾಗಿ ಕೇಳಿದರು. ಅವರ ಜನ್ಮದಿನ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ. ಅದು ಶರಣರ ದಾರಿ, ಬೌದ್ಧರದಲ್ಲ. ಆದರೆ ಜೋಳಿಗೆಗೆ ಚಟ ಹಾಕಿ ಬಂದವನಿಗೆ ಸಂಜೆಯಾದರೆ ಮತ್ತೆ ಕುಡಿಯುವ ಬಯಕೆ ಏಳುತ್ತದೆ. ಅಮೆರಿಕದ ಮನೋವಿಜ್ಞಾನಿ ಅಲನ್ ಮಾರ್ಲಟ್ ಇಂಥವರಿಗೇ ಬಯಕೆ ಏರಿ ಇಳಿಯುವುದನ್ನು ಉಸಿರಿನ ಜೊತೆ ಕೂತು ನೋಡಲು ಕಲಿಸಿದರು. ಅದನ್ನು ಕನ್ನಡದಲ್ಲಿ ಕಲಿಸಲು ಮಠ ಬಿಟ್ಟು ಕಾಡಿಗೆ ಹೋಗಬೇಕಿಲ್ಲ. ಕುಣಿಮಗ್ಗದಲ್ಲಿ ಕೂತ ನೇಕಾರ ಎಳೆ ಹರಿದಾಗ ಲಾಳಿ ನಿಲ್ಲಿಸುತ್ತಾನೆ. ಆ ನಿಂತ ಗಳಿಗೆಯಲ್ಲಿ ಮೂರು ಉಸಿರು ಗಮನಿಸಿ, "ಈಗ ಸಾಲದ ಚಿಂತೆ ಬಂದಿದೆ" ಎಂದು ಹೆಸರಿಟ್ಟು, ಅದು ಎದೆಯಲ್ಲೋ ಹೊಟ್ಟೆಯಲ್ಲೋ ಬಿಗಿದಿರುವುದನ್ನು ನೋಡಿ, ಆಮೇಲೆ ಎಳೆ ಕೂಡಿಸಿದರೆ ಅಷ್ಟು ಹೊತ್ತು ಸಾಧನೆ ನಡೆದಂತೆ. ಇದರಿಂದ ಸಾಲ ತೀರುವುದಿಲ್ಲ, ಕೂಲಿ ಏರುವುದಿಲ್ಲ. ಅದಕ್ಕೆ ಸಂಘ ಬೇಕು, ಸರ್ಕಾರ ಬೇಕು. ತೀವ್ರ ಖಿನ್ನತೆ ಅಥವಾ ಸಾಯುವ ಯೋಚನೆ ಇದ್ದವರು ಒಬ್ಬರೇ ಕಣ್ಣುಮುಚ್ಚಿ ಕೂರುವ ಬದಲು ವೈದ್ಯರನ್ನು ಕಾಣಬೇಕು. ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಇಂಥ ನೆರವನ್ನು ಊರಿನ ಹತ್ತಿರಕ್ಕೆ ತಂದ ಮಾದರಿ ನಮ್ಮಲ್ಲೇ ಇದೆ. ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ಮನೋರೋಗ ಚಿಕಿತ್ಸೆ ಕಲಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಬಾದಾಮಿ, ಹುನಗುಂದದ ಆರೋಗ್ಯ ಕೇಂದ್ರಗಳಲ್ಲಿ ದಾದಿಯರಿಗೂ ಆಶಾ ಕಾರ್ಯಕರ್ತೆಯರಿಗೂ ಇಲ್ಲಿನ ಆಡುಮಾತಿನಲ್ಲಿ ಎಂಟು ವಾರದ ಈ ಅಭ್ಯಾಸ ಕಲಿಸಿ, ಮಗ್ಗದ ಓಣಿಗಳಲ್ಲಿ ಅದರ ಫಲವನ್ನು ಪ್ರಾಮಾಣಿಕವಾಗಿ ಅಳೆಯುವ ಕೆಲಸ ಈಗ ಶುರುವಾಗಬೇಕು.