ಕತ್ತಿಯನ್ನು ಒರೆಗೆ ಸೇರಿಸಿದ ರಾಜಕುಮಾರ



ನಿವೃತ್ತಿಯ ನಂತರ ಕಾಲವನ್ನು ಹೇಗೆ ಕಳೆಯುತ್ತಿದ್ದೀರಿ ಎಂದು ಮದುವೆ-ಮುಂಜಿಗಳಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ಓದು, ಬರಹ, ಹಿತ್ತಲಿನ ನಾಲ್ಕು ಬಾಳೆಗಿಡ ಎಂದು ಉತ್ತರಿಸಿ ಸುಮ್ಮನಾಗುತ್ತಿದ್ದೆ. ಪೂರ್ಣ ಸತ್ಯವನ್ನು ಇಂದು ಒಪ್ಪಿಕೊಳ್ಳುತ್ತೇನೆ. ಕಳೆದ ಮಳೆಗಾಲದಿಂದ ನಾನು ಕಂಪ್ಯೂಟರಿನಲ್ಲಿ ವಿಡಿಯೋ ಗೇಮ್ ಆಡುತ್ತಿದ್ದೇನೆ. ನಗುವವರು ನಗಬಹುದು.

ಈ ಹವ್ಯಾಸದ ಹಿಂದೆ ಹಳೆಯದೊಂದು ಋಣವಿದೆ. 2001ರ ಸುಮಾರಿಗೆ ನಮ್ಮ ಪ್ರೌಢಶಾಲೆಗೆ ನಾಲ್ಕು ಕಂಪ್ಯೂಟರುಗಳು ಬಂದವು. ಚಪ್ಪಲಿ ಕಳಚಿಟ್ಟು ಒಳಹೋಗಬೇಕಾದ ಆ ಕೊಠಡಿ ನಮಗೆಲ್ಲ ದೇವರ ಮನೆಯಂತಿತ್ತು. ಆಗ ಹತ್ತನೆಯ ತರಗತಿಯ ಹುಡುಗನೊಬ್ಬನ ಇತಿಹಾಸದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ 'ಪ್ರಿನ್ಸ್ ಮೆಗಾಹಿಟ್' ಎಂದು ಬರೆದಿರುವುದನ್ನು ಕಂಡು, ಯಾವುದೋ ಸಿನಿಮಾದ ಹೆಸರೆಂದು ಭಾವಿಸಿ ಗದರಿಸಿದ್ದೆ. ಅದು 'ಪ್ರಿನ್ಸ್ ಆಫ್ ಪರ್ಷಿಯಾ' ಎಂಬ ಆಟದಲ್ಲಿ ಹಂತಗಳನ್ನು ಹಾರಿಸಿಕೊಂಡು ಹೋಗುವ ಗುಪ್ತ ಸಂಕೇತವೆಂದು ತಿಳಿದದ್ದು ವಾರದ ಬಳಿಕ, ಅವನು ಆಡುತ್ತಾ ನನ್ನ ಕೈಗೆ ಸಿಕ್ಕಾಗ. "ರಾಜರ ಪಾಠ ಓದುವುದು ಬಿಟ್ಟು ಕೊಲೆ ಮಾಡುವುದನ್ನು ಕಲಿಯುತ್ತೀಯಾ?" ಎಂದು ಎಲ್ಲರೆದುರು ಬೈದು, ಫ್ಲಾಪಿಯನ್ನು ಕಿತ್ತುಕೊಂಡು, ಇಡೀ ಪೀರಿಯಡ್ ಹೊರಗೆ ನಿಲ್ಲಿಸಿದೆ. "ಸಾರ್, ಕೊನೇಲಿ ಕತ್ತಿ ಒಳಗಿಡಬೇಕು ಸಾರ್" ಎಂದು ಅವನು ಏನನ್ನೋ ವಿವರಿಸಲು ಬಂದ. ನಾನು ಕೇಳಿಸಿಕೊಳ್ಳಲಿಲ್ಲ.

ಈಗ ಮೊಮ್ಮಗನು ಅದೇ ಆಟವನ್ನು ನನ್ನ ಕಂಪ್ಯೂಟರಿಗೆ ಹಾಕಿಕೊಟ್ಟಿದ್ದಾನೆ. ಇತಿಹಾಸದ ಮೇಷ್ಟ್ರಾದ್ದರಿಂದ ಮೊದಲು ಅದರ ಹುಟ್ಟನ್ನು ಹುಡುಕಿದೆ. ಅಮೆರಿಕದ ಜೋರ್ಡನ್ ಮೆಕ್ನರ್ ಎಂಬ ಯುವಕ ಆ್ಯಪಲ್ 2 ಕಂಪ್ಯೂಟರಿಗಾಗಿ ರಚಿಸಿದ ಈ ಆಟ 1989ರಲ್ಲಿ ಪ್ರಕಟವಾಯಿತು. ಆತ 1985ರಲ್ಲಿ ತನ್ನ ತಮ್ಮ ಡೇವಿಡ್ ಓಡುವುದನ್ನೂ ಜಿಗಿಯುವುದನ್ನೂ ವಿಡಿಯೋದಲ್ಲಿ ಸೆರೆಹಿಡಿದು, ಒಂದೊಂದೇ ಚಿತ್ರವನ್ನು ಅನುಸರಿಸಿ ರಾಜಕುಮಾರನ ಚಲನೆಯನ್ನು ರೂಪಿಸಿದ. ಕತ್ತಿವರಸೆಗೆ 1938ರ ರಾಬಿನ್ ಹುಡ್ ಚಲನಚಿತ್ರವೊಂದರ ದೃಶ್ಯವನ್ನು ಆಧರಿಸಿದ. ಹೀಗಾಗಿಯೇ ಈ ರಾಜಕುಮಾರ ಓಡುತ್ತಾ ನಿಂತರೆ ತುಸು ಜಾರುತ್ತಾನೆ. ಅಂಚನ್ನು ಹಿಡಿದು ತೂಗಿದರೆ ಅವನ ಮೈಭಾರ ನಮಗೆ ಅನುಭವಕ್ಕೆ ಬರುತ್ತದೆ.

ಕಥೆ ಅರೇಬಿಯನ್ ನೈಟ್ಸ್ ಧಾಟಿಯದು. ಸುಲ್ತಾನನಿಲ್ಲದ ಸಮಯದಲ್ಲಿ ದುಷ್ಟಮಂತ್ರಿ ಜಾಫರ್ ರಾಜಕುಮಾರಿಯನ್ನು ಸೆರೆಯಲ್ಲಿಟ್ಟಿದ್ದಾನೆ. ನಾಯಕನಿಗಿರುವುದು ಅರವತ್ತೇ ನಿಮಿಷ. ಇದರಲ್ಲಿ ಇಸವಿಯಿಲ್ಲ, ರಾಜವಂಶವಿಲ್ಲ. ಪರ್ಷಿಯದ ಇತಿಹಾಸವೆಂದು ಯಾರೂ ಓದಬಾರದು. ರಾಜಕುಮಾರಿ ಹೆಚ್ಚಿನ ಕಾಲ ಕಾಯುತ್ತಾ ಕೂರುವುದೂ ನನಗೆ ರುಚಿಸಲಿಲ್ಲ. ಎಂಟನೆಯ ಹಂತದಲ್ಲಿ ಬಾಗಿಲು ತೆರೆಸಲು ಇಲಿಯೊಂದನ್ನು ಕಳುಹಿಸುವುದೇ ಅವಳ ದೊಡ್ಡ ಸಾಹಸ. ಆದರೂ ಒಂದು ನಿಯಮವನ್ನು ಬಹಳವಾಗಿ ಮೆಚ್ಚಿದೆ. ಸತ್ತರೆ ಆ ಹಂತವನ್ನು ಮೊದಲಿನಿಂದ ಆಡಬಹುದು, ಆದರೆ ಕಳೆದುಹೋದ ನಿಮಿಷಗಳು ಮರಳಿ ಸಿಗುವುದಿಲ್ಲ.

ಮೂರನೆಯ ಹಂತದ ಅಸ್ಥಿಪಂಜರ ನನ್ನನ್ನು ಎರಡು ವಾರ ತಡೆದು ನಿಲ್ಲಿಸಿತು. ಅದು ಕತ್ತಿಯ ಏಟಿಗೆ ಸಾಯುವುದಿಲ್ಲ. ಹಿಂದಕ್ಕೆ ತಳ್ಳಿ ತಳ್ಳಿ ಹಳ್ಳಕ್ಕೆ ಕೆಡವಬೇಕು. ನಾಲ್ಕನೆಯ ಹಂತದಲ್ಲಿ ಕನ್ನಡಿಯೊಂದು ಅಡ್ಡ ಬರುತ್ತದೆ. ಅದರೊಳಗೆ ಜಿಗಿದಾಗ ನಮ್ಮದೇ ನೆರಳು ಹೊರಬಿದ್ದು ಓಡಿಹೋಗುತ್ತದೆ, ಮುಂದೆ ನಮಗೇ ಶತ್ರುವಾಗುತ್ತದೆ. ಇದು ಹುಟ್ಟಿದ್ದು ಬಡತನದಿಂದ! ಹೊಸದೊಂದು ಪಾತ್ರದ ಚಿತ್ರಗಳನ್ನು ಇಡಲು ಆ ಯಂತ್ರದ ಮೆಮೊರಿಯಲ್ಲಿ ಸ್ಥಳವಿರಲಿಲ್ಲವಾದ್ದರಿಂದ ನಾಯಕನ ಚಿತ್ರಗಳನ್ನೇ ಬದಲಿಸಿ ನೆರಳನ್ನು ಮಾಡಿದರು. ಹನ್ನೆರಡನೆಯ ಹಂತದಲ್ಲಿ ಆ ನೆರಳು ಕತ್ತಿ ಹಿಡಿದು ಎದುರಾಗುತ್ತದೆ. ಅದನ್ನು ಹೊಡೆದರೆ ನಮ್ಮ ಪ್ರಾಣವೇ ಕುಗ್ಗುತ್ತದೆ. ಕತ್ತಿಯನ್ನು ಒರೆಗೆ ಸೇರಿಸಿ ಎದುರು ನಡೆದರೆ ಮಾತ್ರ ಇಬ್ಬರೂ ಒಂದಾಗುತ್ತಾರೆ. ಅದನ್ನು ಕಂಡ ದಿನ ನಾನು ಆಟ ನಿಲ್ಲಿಸಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಆ ಹುಡುಗ ಹೇಳಲು ಬಂದದ್ದು ಇದನ್ನೇ.

ಮೊಮ್ಮಗ ನನಗಾಗಿಯೇ ಆರಿಸಿದ ಇನ್ನೊಂದು ಆಟ 1997ರ 'ಏಜ್ ಆಫ್ ಎಂಪೈರ್ಸ್'. "ತಾತ, ಇದು ನಿಮ್ಮ ಸಬ್ಜೆಕ್ಟ್" ಎಂದ. ಶಿಲಾಯುಗದಿಂದ ಹೊರಟು, ಆಹಾರ, ಮರ, ಕಲ್ಲು, ಚಿನ್ನಗಳನ್ನು ಕೂಡಿಹಾಕಿ, ಕಂಚಿನ ಯುಗವನ್ನು ದಾಟಿ ಕಬ್ಬಿಣದ ಯುಗವನ್ನು ಸೇರಬೇಕು. ಈಜಿಪ್ಟ್, ಸುಮೇರಿಯಾ, ಗ್ರೀಸ್ ಮುಂತಾದ ಹನ್ನೆರಡು ನಾಗರಿಕತೆಗಳಿವೆ. ಆ ಮೊದಲ ಆವೃತ್ತಿಯಲ್ಲಿ ಭಾರತವಿರಲಿಲ್ಲ. ಆಹಾರವಿಲ್ಲದೆ ಸೈನ್ಯವಿಲ್ಲ ಎಂಬುದನ್ನು ಇದು ನನ್ನ ಪಾಠಕ್ಕಿಂತ ಚೆನ್ನಾಗಿ ಮನದಟ್ಟು ಮಾಡುತ್ತದೆ. ಆದರೆ ಮರ ಕೊಟ್ಟರೆ ಹೊಲ ಸಿದ್ಧ. ಮಳೆಯ ಚಿಂತೆಯಿಲ್ಲ, ಬರವಿಲ್ಲ, ಕಂದಾಯಕ್ಕೆ ಅಂಜುವ ರೈತನಿಲ್ಲ. ಇನ್ನು ಎಲ್ಲ ನಾಡುಗಳೂ ಒಂದೇ ಏಣಿಯನ್ನು ಏರಿದವೆಂಬ ಕಲ್ಪನೆಯಂತೂ ಸರಿಯಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನವನ್ನು ನೀವು ನನ್ನ ತರಗತಿಯಲ್ಲಿ ಕೇಳಿದ್ದೀರಿ. ಅಲ್ಲಿ ಕಲ್ಲಿನ ಕೊಡಲಿಯ ಜನರ ನಂತರ ಬಂದದ್ದು ಕಬ್ಬಿಣ ಬಳಸಿದ ಬೃಹತ್ ಶಿಲಾ ಸಮಾಧಿಗಳ ಕಾಲ. ತಾಮ್ರ, ಕಂಚಿನ ವಸ್ತುಗಳು ಅಷ್ಟಿಷ್ಟು ದೊರೆತರೂ ಪ್ರತ್ಯೇಕವಾದ ಕಂಚಿನ ಯುಗವೆಂಬ ಮೆಟ್ಟಿಲು ನಮ್ಮಲ್ಲಿ ಕಾಣದು. ಈ ಆಟದಲ್ಲಿ ನಮ್ಮ ಪೂರ್ವಜರು ಆ ಮೆಟ್ಟಿಲಲ್ಲೇ ನಪಾಸಾಗುತ್ತಿದ್ದರು!

ಮೌಲ್ಯಮಾಪನ ಮಾಡುವ ಅಭ್ಯಾಸ ಬಿಡದು. ಇತಿಹಾಸದ ಆಟಕ್ಕೆ ಹತ್ತಕ್ಕೆ ಆರು, ಇತಿಹಾಸವೇ ಇಲ್ಲದ ಆಟಕ್ಕೆ ಒಂಬತ್ತು. ಆಡದೆಯೇ ಇವಕ್ಕೆ ಸೊನ್ನೆ ಕೊಟ್ಟಿದ್ದವನೂ ನಾನೇ. ಆಧಾರವನ್ನು ಪರಿಶೀಲಿಸದೆ ತೀರ್ಪು ಕೊಡಬಾರದೆಂದು ಬೋಧಿಸುತ್ತಿದ್ದವನೂ ನಾನೇ.

ಆ ಫ್ಲಾಪಿಯನ್ನು ಸ್ಟಾಫ್ ರೂಮಿನ ಬೀರುವಿನಲ್ಲಿಟ್ಟು ಮರೆತೆ. ವರ್ಗಾವಣೆಯಾದಾಗ ಅದು ಅಲ್ಲಿಯೇ ಉಳಿಯಿತು. ಅಂದು ಬಾಗಿಲ ಹೊರಗೆ ನಿಂತಿದ್ದ ವಿದ್ಯಾರ್ಥಿ ಇದನ್ನು ಓದುತ್ತಿದ್ದರೆ, ಮಗು, ತಪ್ಪು ನನ್ನದು. ನೆರಳನ್ನು ದಾಟಿದ್ದೇನೆ. ಆದರೆ ಜಾಫರನ ಬಳಿ ಸೇರುವಷ್ಟರಲ್ಲಿ ನನ್ನ ಅರವತ್ತು ನಿಮಿಷ ಪ್ರತಿ ಬಾರಿಯೂ ಮುಗಿದುಹೋಗುತ್ತದೆ. ಮೆಗಾಹಿಟ್ ಬಳಸಲು ಮನಸ್ಸಿಲ್ಲ. ಸಮಯ ಉಳಿಸುವ ಉಪಾಯವಿದ್ದರೆ ಬರೆದು ತಿಳಿಸು. ಈ ಸಲ ಕೇಳಿಸಿಕೊಳ್ಳುತ್ತೇನೆ.